‘ಕೈ ಕೊಡು’ ಅಂದರೆ ಸಹಾಯವೋ, ಮೋಸವೋ?

ಮುಳಬಾಗಿಲು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. 2023ರ ಜುಲೈನಲ್ಲಿ ಒಂಬತ್ತನೇ ತರಗತಿಯ ಬೋರ್ಡ್ ಮೇಲೆ ‘ಗಿವ್ ಮಿ ಎ ಹ್ಯಾಂಡ್’ ಅಂತ ಬರೆದು, ಇದನ್ನು ಯಾರು ಯಾರಿಗೆ ಹೇಳಿರಬಹುದು ಅಂತ ಕೇಳಿದೆ.

ಹಿಂದಿನ ಬೆಂಚಿನ ಹುಡುಗ ಎದ್ದು, “ಮೋಸ ಹೋದೋನು ಹೇಳಿರ್ತಾನೆ ಮೇಡಂ. ದುಡ್ಡು ಇಸ್ಕೊಂಡು ಕೈ ಕೊಟ್ಟ ಅಂತಾರಲ್ಲ?” ಅಂದ. “ತೆಲುಗಲ್ಲೂ ಅಷ್ಟೇ, ಚೆಯ್ಯಿಚ್ಚಾಡು” ಅಂತ ಪಕ್ಕದವನು ದನಿಗೂಡಿಸಿದ. ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಅವರ ಎರಡೂ ಭಾಷೆಗಳ ಪ್ರಕಾರ ಲೆಕ್ಕ ಸರಿಯಾಗೇ ಇತ್ತು. ಇಂಗ್ಲಿಷಿನಲ್ಲಿ ಮಾತ್ರ ಅದು ‘ಸ್ವಲ್ಪ ಕೈ ಜೋಡಿಸು’ ಅನ್ನುವ ಮಾತು.

ಅಲ್ಲಿಯವರೆಗೆ ‘ಸ್ಪಿಲ್ ದ ಬೀನ್ಸ್’ ತರಹದ ವಿಚಿತ್ರ ನುಡಿಗಟ್ಟುಗಳೇ ಕಷ್ಟ ಅಂದುಕೊಂಡಿದ್ದೆ. ಹುರುಳಿಕಾಯಿ ಚೆಲ್ಲಿದರೆ ಗುಟ್ಟು ಹೇಗೆ ರಟ್ಟಾಗುತ್ತೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಹೇಳಿದರೆ ಮರೆಯುವುದಿಲ್ಲ. ಗೊತ್ತಿರುವ ಹಾಗೆ ಕಾಣುವುದನ್ನು ಯಾರೂ ಕೇಳುವುದಿಲ್ಲ. ಅದರಲ್ಲೂ ಕೈ, ಕಾಲು, ಹೊಟ್ಟೆ ಬಂದಲ್ಲಿ. ‘ಫೈರ್ ಇನ್ ದ ಬೆಲ್ಲಿ’ ಇಂಗ್ಲಿಷಿನವರಿಗೆ ಸಾಧಿಸುವ ಛಲ, ನಮಗೆ ಹೊಟ್ಟೆಕಿಚ್ಚು ಅಂದರೆ ಅಸೂಯೆ. ‘ಪುಲ್ಲಿಂಗ್ ಯುವರ್ ಲೆಗ್’ ಅಂದರೆ ತಮಾಷೆಗೆ ಏನೋ ಹೇಳಿ ನಂಬಿಸುವುದು. ನಮ್ಮ ಕಾಲೆಳೆಯುವುದರಲ್ಲಿ ತಮಾಷೆಯೂ ಇದೆ, ಮೇಲೇರುವವನನ್ನು ಕೆಡಹುವ ಹಗೆಯೂ ಇದೆ.

ಆವತ್ತಿನಿಂದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿದೆ. ಮೂಗು ತೂರಿಸುವುದು, ಬೆನ್ನು ತಟ್ಟುವುದು ಹಾಗೆಹಾಗೇ ಹೊಂದುತ್ತವೆ, ಅವು ಮೊದಲನೆಯದಕ್ಕೆ. ನಮ್ಮಲ್ಲಿ ಇಲ್ಲವೇ ಇಲ್ಲದವು ಕೊನೆಯದಕ್ಕೆ. ನಡುವಿನದು ‘ಮುಖ ಒಂದೇ, ಮನಸ್ಸು ಬೇರೆ’. ನನ್ನ ಹೆಚ್ಚಿನ ಸಮಯವೆಲ್ಲ ಈ ನಡುವಿನ ಕಾಲಮ್ಮಿಗೇ.

‘ಒನ್ಸ್ ಇನ್ ಎ ಬ್ಲೂ ಮೂನ್’, ಅಂದರೆ ತೀರಾ ಅಪರೂಪಕ್ಕೆ, ಅನ್ನುವುದನ್ನು ‘ಅಮಾವಾಸ್ಯೆಗೋ ಹುಣ್ಣಿಮೆಗೋ’ ಅಂತ ಹಿಂದೆಲ್ಲ ಹೇಳಿಕೊಡುತ್ತಿದ್ದೆ. ಆದರೆ ಅಮಾವಾಸ್ಯೆ ತಿಂಗಳಿಗೊಮ್ಮೆ ಬಂದೇ ಬರುತ್ತದೆ. 2023ರ ಆಗಸ್ಟ್ 1ಕ್ಕೆ ಒಂದು ಹುಣ್ಣಿಮೆ, 30ಕ್ಕೆ ಇನ್ನೊಂದು. ಒಂದೇ ಇಂಗ್ಲಿಷ್ ತಿಂಗಳಲ್ಲಿ ಬೀಳುವ ಈ ಎರಡನೇ ಹುಣ್ಣಿಮೆಗೇ ಬ್ಲೂ ಮೂನ್ ಅನ್ನುವುದು. ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಬರುತ್ತದೆ. ಅದೇ ವರ್ಷ ನಮಗೆ ಅಧಿಕ ಶ್ರಾವಣವೂ ಬಂದಿತ್ತು. ಗೋಡೆಯ ಕ್ಯಾಲೆಂಡರ್ ಇಳಿಸಿ ಬೆಂಚಿನ ಮೇಲಿಟ್ಟೆ. ಒಬ್ಬ ಹುಡುಗಿ ಎರಡೂ ಹುಣ್ಣಿಮೆಗಳ ಮೇಲೆ ಬೆರಳಿಟ್ಟು, “ಹಂಗಾದ್ರೆ ಇದು ಅವರ ಅಧಿಕ ಮಾಸದ ಹಾಗೆ ಅಲ್ವಾ ಮೇಡಂ?” ಅಂದಳು. ನನ್ನ ವಿವರಣೆಗಿಂತ ಅದು ಎಷ್ಟೋ ಮೇಲು.

ನುಡಿಗಟ್ಟಿನ ಎದುರು ಬರೀ ಅರ್ಥ ಬರೆಸುವ ಪಟ್ಟಿಯನ್ನೂ ಈಗ ಬಿಟ್ಟಿದ್ದೇನೆ, ಅದಕ್ಕೆ ಬೇರೆ ಕಾರಣವಿದೆ. ಹಿಂದೊಮ್ಮೆ ‘ಕಿಕ್ ದ ಬಕೆಟ್’ ಎದುರಿಗೆ ‘ಸಾಯು’ ಅಂತ ಬರೆಸಿದ್ದೆ. ಅಜ್ಜಿ ತೀರಿಕೊಂಡಾಗ ಒಬ್ಬ ಹುಡುಗಿ ರಜಾ ಚೀಟಿಯಲ್ಲಿ ಅದನ್ನೇ ಬರೆದು ತಂದಳು. ಚೀಟಿ ಹಿಡಿದು ನಿಂತ ಅವಳ ಮುಖ ಇನ್ನೂ ಕಣ್ಣ ಮುಂದಿದೆ. ‘ಗೊಟಕ್ ಅಂದ’ ಮತ್ತು ‘ತೀರಿಕೊಂಡರು’ ನಡುವಿನ ಅಂತರ ಅವಳಿಗೆ ಕನ್ನಡದಲ್ಲಿ ಚೆನ್ನಾಗಿ ಗೊತ್ತಿತ್ತು, ಇಂಗ್ಲಿಷಿನಲ್ಲಿ ನಾನೇ ಹೇಳಿಕೊಟ್ಟಿರಲಿಲ್ಲ. ಈಗ ಪ್ರತಿ ನುಡಿಗಟ್ಟಿಗೂ ನಾಲ್ಕು ಸಾಲಿನ ಸಂಭಾಷಣೆ ಬರೆಸುತ್ತೇನೆ: ಯಾರು, ಯಾರಿಗೆ, ಎಲ್ಲಿ. ವಾರಕ್ಕೆ ಎರಡೇ, ಹೆಚ್ಚಾದರೆ ಕಲಸುಮೇಲೋಗರ. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಕೈಬಿಟ್ಟಿದ್ದೇನೆ, ಜೋರು ಮಳೆಗೆ ‘ಇಟ್ಸ್ ಪೋರಿಂಗ್’ ಸಾಕು.

‘ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ ಬಂದಾಗ, ಇಂಗ್ಲೆಂಡಿನ ಆ ಊರಿಂದ ಹಡಗುಗಟ್ಟಲೆ ಕಲ್ಲಿದ್ದಲು ಹೊರಗೆ ಹೋಗುತ್ತಿತ್ತು, ಅಲ್ಲಿಗೇ ಕಲ್ಲಿದ್ದಲು ಹೊತ್ತರೆ ಏನು ಬಂತು ಅಂತ ವಿವರಿಸಿ, “ಕೋಲಾರಕ್ಕೆ ಟೊಮೆಟೊ ಹೊತ್ತ ಹಾಗೆ” ಅಂದೆ. ಆ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸಿನ ಬೆಲೆ ಎರಡು ಸಾವಿರ ದಾಟಿತ್ತು. “ನಮ್ಮಪ್ಪ ದಿನಾ ಕೋಲಾರ ಮಂಡಿಗೇ ಅಲ್ವಾ ಮೇಡಂ ಹಾಕೋದು?” ಅಂತ ಒಬ್ಬ ಕೇಳಿದ. ನಿಜ, ಮಂಡಿಗೆ ಟೊಮೆಟೊ ಹೊತ್ತೇ ಇವರ ಮನೆಗಳು ನಡೆಯುವುದು. ಬೇರೆ ಹೋಲಿಕೆ ನೀವೇ ಹುಡುಕಿ ಅಂದೆ. ಗುಸುಗುಸು ಮಾತಾಡಿಕೊಂಡು ಕೊನೆಗೆ ಒಂದಕ್ಕೆ ಒಪ್ಪಿದರು: “ಟೊಮೆಟೊ ಬೆಳೆಯೋರ ಮನೆಗೆ ನೆಂಟ್ರು ಟೊಮೆಟೊ ಕೊಂಡ್ಕೊಂಡು ಬಂದಂಗೆ.”