ಶಿಬಿರಕ್ಕೆ ಬಾರದವರು ಅವರೆಕಾಯಿಗೆ ಬಂದರು

ಆಪ್ತಸಮಾಲೋಚನೆ ಮಾಡುವ ನಮ್ಮ ಬಳಗದಲ್ಲಿ ನನಗೆ "ಅವರೆಕಾಯಿ ಮೇಡಂ" ಅಂತ ಹೆಸರಿಟ್ಟಿದ್ದಾರೆ. ಇಡಲಿ ಬಿಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತಲ ಹಳ್ಳಿಗಳಲ್ಲಿ ದುಃಖದಲ್ಲಿರುವವರ ಜೊತೆ ಕೂತು ಮಾತಾಡುವ ಈ ಕೆಲಸ ಶುರು ಮಾಡಿ ಐದಾರು ವರ್ಷ ಆಗಿರಬಹುದು. ಮೊದಲ ಎರಡು ವರ್ಷ ಹಾಕಿದ್ದೆಲ್ಲ ನೀರಲ್ಲಿ ಹೋಮ. ಈಗ ಜನ ತಾವಾಗೇ ಬರುತ್ತಾರೆ, ಬಂದವರು ಇನ್ನೊಬ್ಬರ ಕೈ ಹಿಡಿದು ಕರೆತರುತ್ತಾರೆ. "ಇದೆಲ್ಲ ನಡೆಯೋ ಮಾತಲ್ಲ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದ್ದು. ಸಮುದಾಯ ಭವನದ ಬಾಡಿಗೆ, ಫ್ಲೆಕ್ಸು, ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿ, ಅವರ ಕಾರು, ಊಟ. ಒಂದು ಶಿಬಿರಕ್ಕೆ ಹನ್ನೆರಡು ಸಾವಿರದ ಹತ್ತಿರ ಕೈಬಿಟ್ಟಿತು. "ಆಪ್ತರನ್ನು ಕಳೆದುಕೊಂಡವರಿಗಾಗಿ" ಅಂತ ಫ್ಲೆಕ್ಸಿನಲ್ಲಿ ದಪ್ಪಕ್ಷರ. ಬಂದವರು ಬೆರಳೆಣಿಕೆ, ಅದರಲ್ಲೂ ಅರ್ಧ ಜನ ಪಂಚಾಯಿತಿಯವರು. ಗಂಡ ಸತ್ತ ಹೆಂಗಸು ಇಡೀ ಊರು ನೋಡುತ್ತಿರುವಾಗ ಆ ಫ್ಲೆಕ್ಸಿನ ಕೆಳಗೆ ನಡೆದು ಒಳಗೆ ಬರಬೇಕು ಅಂದರೆ ಯಾರು ಬರ್ತಾರೆ, ಅಲ್ವಾ? ಆಮೇಲೆ ವಯಸ್ಸಿನ ಪ್ರಕಾರ ಗುಂಪು ಕಟ್ಟಿದ್ದಾಯಿತು, ಡೈರಿ ಹಂಚಿದ್ದಾಯಿತು. ಡೈರಿಯಲ್ಲಿ ಹಾಲಿನ ಲೆಕ್ಕ ಬರೆದುಕೊಂಡರು, ಅಷ್ಟರ ಮಟ್ಟಿಗೆ ಉಪಯೋಗ ಆಯಿತು.

ಅವರೆಕಾಯಿ ಕಾಲ ಬಂತು. ನಮ್ಮ ಕಡೆ ಡಿಸೆಂಬರ್, ಜನವರಿ ಅಂದರೆ ಮನೆ ಮನೆಯಲ್ಲೂ ಹಿತಕಿದ ಬೇಳೆ. ಪೇಟೆಯ ಒಬ್ಬ ಕಾಂಡಿಮೆಂಟ್ಸ್ ಅಂಗಡಿಯವರಿಗೆ ಅದು ದಿನಾ ಬೇಕು. ಕಾಳನ್ನು ಅವರೇ ಕೊಡುತ್ತಾರೆ, ಹಿತಕಿ ಕೊಟ್ಟರೆ ಕೆಜಿ ಲೆಕ್ಕದಲ್ಲಿ ಕೂಲಿ. ಒಂದು ಮನೆಯ ಜಗಲಿಯಲ್ಲಿ ಏಳೆಂಟು ಹೆಂಗಸರು ಕೂತಿದ್ದರು, ನಾನೂ ಹೋಗಿ ಕೂತೆ. ರಾತ್ರಿ ನೆನೆಹಾಕಿದ ಕಾಳು, ಸಿಪ್ಪೆ ಉಬ್ಬಿ ಸುಕ್ಕುಗಟ್ಟಿರುತ್ತೆ. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಟಕ್ ಅಂತ ಜಾರಿ ಬೇಸನ್ನಿಗೆ ಬೀಳುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಜಾಸ್ತಿ ಒತ್ತಿದರೆ ಬೇಳೆ ಎದುರಿನವರ ಮಡಿಲಿಗೆ ಹಾರುತ್ತೆ, ಎಲ್ಲರೂ ನಗುತ್ತಾರೆ. ಕಣ್ಣೆಲ್ಲ ಕಾಳಿನ ಮೇಲೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲ್ಲ. ಶಿಬಿರಕ್ಕೆ ಎರಡು ಸಲ ಕರೆದರೂ ಬಾರದಿದ್ದ ಒಬ್ಬ ಅಕ್ಕ, ಮಗ ಬೈಕ್ ಅಪಘಾತದಲ್ಲಿ ಹೋಗಿದ್ದವರು, ತಲೆ ಎತ್ತದೆ "ಅವನಿಗೆ ಇದರ ಸಾರು ಅಂದರೆ ಪ್ರಾಣ" ಅಂದರು. ಪಕ್ಕದ ಅಜ್ಜಿ "ನಮ್ಮೋರಿಗೂ ಅಷ್ಟೇ ಕಣಮ್ಮ" ಅಂದರು. ಅಲ್ಲಿಂದ ಮಾತು ಶುರುವಾಗಿದ್ದು ಕತ್ತಲಾದರೂ ನಿಲ್ಲಲಿಲ್ಲ. ಆ ಅಜ್ಜಿ ಅತ್ತಿದ್ದು ತೆಲುಗಿನಲ್ಲಿ. ಅವರ ಮನೆಮಾತು ಅದೇ. ಅವತ್ತಿನಿಂದ ತೆಲುಗು ಚೆನ್ನಾಗಿ ಬರುವ ಒಬ್ಬಳನ್ನು ಜೊತೆಗೆ ಕರೆದುಕೊಂಡೇ ಹೋಗುತ್ತೇನೆ.

ದುಃಖ ನಿರಾಕರಣೆಯಿಂದ ಒಪ್ಪಿಗೆಯ ತನಕ ಸಾಗುತ್ತೆ ಅನ್ನುವ, ಮನೋವೈದ್ಯೆ ಕುಬ್ಲರ್-ರಾಸ್ ಅವರ ಐದು ಹಂತ ಈ ಕೆಲಸದಲ್ಲಿರುವ ನಿಮಗೆಲ್ಲ ಬಾಯಿಪಾಠ ಇರುತ್ತೆ. ಆಕೆ 1969ರಲ್ಲಿ ಅದನ್ನು ಬರೆದದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಜಗಲಿಯಲ್ಲಿ ನಾನು ಕಂಡದ್ದಕ್ಕೆ 1999ರಲ್ಲಿ ಸ್ಟ್ರೋಬ್ ಮತ್ತು ಶುಟ್ ಅನ್ನುವ ಸಂಶೋಧಕರು ಹೇಳಿದ್ದೇ ಹತ್ತಿರ. ಒಂದು ಗಳಿಗೆ ದುಃಖ, ಮರುಗಳಿಗೆ ಕೂಲಿ ಲೆಕ್ಕ, ಮತ್ತೆ ದುಃಖ. ಹೀಗೆ ಆ ಕಡೆ ಈ ಕಡೆ ಹೋಗಿ ಬರುತ್ತಲೇ ಜನ ಸುಧಾರಿಸಿಕೊಳ್ಳುತ್ತಾರೆ ಅನ್ನೋದು ಅವರ ಮಾತು.

ಬಳಗದವರ ದೊಡ್ಡ ತಕರಾರು ಗೋಪ್ಯತೆಯದು. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಏನಾಯಿತು ಅನ್ನೋದು ನನಗಿಂತ ಮೊದಲು ಊರಿಗೇ ಗೊತ್ತಿರುತ್ತೆ. ನಾನು ಅಲ್ಲಿ ಪುಸ್ತಕ ತೆಗೆಯಲ್ಲ, ಹೆಸರು ಬರೆದುಕೊಳ್ಳಲ್ಲ. ಒಳಗಿನ ಮಾತೇನಿದ್ದರೂ ಅವರ ಮನೆ ತನಕ ಜೊತೆಯಲ್ಲಿ ನಡೆಯುವಾಗ. ಇನ್ನು ಯಾರ ಪಕ್ಕ ಯಾರನ್ನು ಕೂರಿಸಬೇಕು ಅನ್ನೋದೇ ಇದರಲ್ಲಿರುವ ಕೈಚಳಕ, ಅದನ್ನು ಇಲ್ಲಿ ಬರೆಯಲ್ಲ.

ಹುಡುಗರಿಗೆ ಇದು ಆಗಲ್ಲ. ಪಿಯು ಓದುವ ಹುಡುಗನನ್ನು ಕಾಳಿನ ಮುಂದೆ ಕೂರಿಸಿದರೆ ಹತ್ತೇ ನಿಮಿಷ, ಮೊಬೈಲ್ ಹೊರಗೆ. ಅವರನ್ನು ಕೋಲಾರದ ಅಂತರಗಂಗೆಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರು ಕುಡಿದು, ಇನ್ನೂ ಮೇಲೆ ಬಂಡೆಗಳ ಕಡೆ ಹೋಗಿ ಉಸಿರು ಬಿಡುವಾಗ ತಾನಾಗೇ ಬಾಯಿ ಬಿಡುತ್ತಾರೆ. ಖರ್ಚು ಬಸ್ ಚಾರ್ಜು, ಒಂದೊಂದು ಪ್ಲೇಟ್ ಚುರುಮುರಿ.

ಚಿಕ್ಕ ಮಕ್ಕಳ ವಿಷಯದಲ್ಲಿ ಜಗಳ ಆಡೋದು ದೊಡ್ಡವರ ಜೊತೆ. ಆರೇಳು ವರ್ಷದ ಒಂದು ಮಗುವಿಗೆ "ಅಪ್ಪ ಬೆಂಗಳೂರಿಗೆ ಹೋಗಿದಾರೆ" ಅಂತ ಹೇಳಿಟ್ಟಿದ್ದರು. ಅದು ಸಂಜೆ ಬಸ್ಸು ಬರುವ ಹೊತ್ತಿಗೆ ದಿನಾ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಸತ್ತು ಹೋದರು, ಇನ್ನು ಬರಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಅಂತ ತಾಯಿ ಬಾಯಿಂದಲೇ ಹೇಳಿಸಬೇಕಾಯಿತು. ಅಜ್ಜ ನನ್ನ ಜೊತೆ ಬಹಳ ದಿನ ಮಾತು ಬಿಟ್ಟರು. ಮಗು ಅತ್ತಿತು, ಹತ್ತು ನಿಮಿಷಕ್ಕೆ ಆಟಕ್ಕೆ ಓಡಿತು, ರಾತ್ರಿ ಮತ್ತೆ ಅತ್ತಿತು. ಮಕ್ಕಳು ಹಾಗೇ.

ಕಷ್ಟ ಅಂದರೆ ನಲವತ್ತು ದಾಟಿದ ಗಂಡಸರು. ಬೋರ್‌ವೆಲ್ ಸಾವಿರದ ಇನ್ನೂರು ಅಡಿ ಹೋಗಿ ಬರೀ ಧೂಳು ಬಂದವರಿದ್ದಾರೆ. ಬೆಲೆ ಇಲ್ಲ ಅಂತ ಟೊಮೆಟೊ ತೋಟವನ್ನು ಉಳುಮೆ ಮಾಡಿಸಿ, ಆಮೇಲೆ 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದನ್ನು ನೋಡುತ್ತಾ ನಿಂತವರಿದ್ದಾರೆ. ಅವರ ಮನೆಯಲ್ಲಿ ಯಾರೂ ಸತ್ತಿಲ್ಲ, ಆದರೂ ಸೂತಕದ ಮುಖ. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಪ್ಪ ಮನೆಯಲ್ಲಿ ಮಾತೇ ಆಡಲಿಲ್ಲ ಅಂತ ಅಲ್ಲಿಯ ಒಬ್ಬರು ಹೇಳಿದ್ದೂ ಇದೇ ಜಾತಿಯ ದುಃಖ. ಇಂಥವರ ಹತ್ತಿರ ಮನಸ್ಸಿನ ಮಾತು ಎತ್ತಿದರೆ ಎದ್ದು ಹೋಗುತ್ತಾರೆ. ನಾನು ಸಾಲದ ಲೆಕ್ಕದಿಂದ ಶುರು ಮಾಡುತ್ತೇನೆ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವುದು ಕಾಯುತ್ತೆ, ಯಾವುದು ಕಾಯಲ್ಲ. ಲೆಕ್ಕ ಮುಗಿಯೋ ಹೊತ್ತಿಗೆ ನಿದ್ದೆ ಬರಲ್ಲ ಅನ್ನೋದು ಹೊರಗೆ ಬರುತ್ತೆ. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿಬಿಡುತ್ತೇನೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು. ಬರುತ್ತೆ ಅಂದರೆ ಅವತ್ತೇ ಕ್ರಿಮಿನಾಶಕದ ಡಬ್ಬ ಮನೆಯಿಂದ ಆಚೆ, ನಂಟರ ಮನೆಯ ಬೀಗದೊಳಗೆ. ಜೊತೆಗೊಬ್ಬರು ಇರಬೇಕು, ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೂ ಮಾತಾಡುತ್ತಾರೆ. ಅವರೆಕಾಯಿ ಇಂಥದ್ದಕ್ಕಲ್ಲ.

ವಿಧವೆಯರಿಗೆ ಮೊದಲು ಕಾಗದ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಆಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ, ಪಾಸ್‌ಬುಕ್ಕು, ವಿಧವಾ ವೇತನ. ನಾಡಕಚೇರಿಯ ಸಾಲಿನಲ್ಲಿ ಜೊತೆಗೆ ನಿಂತರೆ ಹುಟ್ಟುವ ನಂಬಿಕೆ ಯಾವ ಟೆಕ್ನಿಕ್ಕಿನಿಂದಲೂ ಹುಟ್ಟಲ್ಲ.

ಇನ್ನೊಂದು ಪ್ರಯೋಗ ಸುಮ್ನೆ ಮಾಡಿದ್ದು, ಇದಕ್ಕೆ ನಕ್ಕವರೇ ಜಾಸ್ತಿ. ಹೆಂಡತಿ ತೀರಿಕೊಂಡ ಅರವತ್ತು ದಾಟಿದ ಗಂಡಸರಿಗೆ ಮುದ್ದೆ ಮಾಡೋದು ಕಲಿಸಿದ್ದು. ಅವರಲ್ಲೊಬ್ಬರು ತಿಂಗಳುಗಟ್ಟಲೆ ಎರಡು ಹೊತ್ತೂ ಹೋಟೆಲಿನಲ್ಲಿ ತಿಂದು ಸಕ್ಕರೆ ಮುನ್ನೂರು ದಾಟಿಸಿಕೊಂಡಿದ್ದರು. ಮೊದಲ ಸಲ ಎಲ್ಲರ ಮುದ್ದೆಯೂ ಗಂಟು ಗಂಟು. "ನಲವತ್ತು ವರ್ಷ ಅವಳು ಒಂದು ದಿನ ಗಂಟು ಕಟ್ಟಿಸಲಿಲ್ಲ" ಅಂತ ಕೋಲು ಕೆಳಗಿಟ್ಟು ಅತ್ತರು ನೋಡಿ ಆ ಯಜಮಾನರು. ಈಗ ಅವರೇ ಹೊಸಬರಿಗೆ ಕಲಿಸುತ್ತಾರೆ. ಬಸ್ಸಾರೂ ಬರುತ್ತೆ.

ಖರ್ಚು ಹೇಳಿಬಿಡುತ್ತೇನೆ. ತಿಂಗಳಿಗೆ ಟೀ, ಬಸ್ಸು, ಜೆರಾಕ್ಸ್ ಎಲ್ಲ ಸೇರಿ ಒಂದೂವರೆ ಸಾವಿರ ದಾಟಲ್ಲ, ಹಿತಕಿದ್ದರ ಕೂಲಿಯಂತೂ ಆ ಹೆಂಗಸರಿಗೇ ಹೋಗುತ್ತೆ. ಫೆಬ್ರವರಿಗೆ ಕಾಳು ಮುಗಿದರೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ ಬರುತ್ತೆ, ಏಪ್ರಿಲ್ ತನಕ ಚಿಂತೆಯಿಲ್ಲ. ಮಳೆಗಾಲಕ್ಕೆ ಮಾತ್ರ ಇನ್ನೂ ಸರಿಯಾದ ಕೆಲಸ ಸಿಕ್ಕಿಲ್ಲ. ಹೋದ ವರ್ಷ ಕಡಲೆಕಾಯಿ ಬಿಡಿಸಲು ಕೊಟ್ಟರೆ ಸುಲಿದದ್ದಕ್ಕಿಂತ ತಿಂದದ್ದೇ ಜಾಸ್ತಿ, ಅಂಗಡಿಯವರಿಗೆ ನಾನೇ ದುಡ್ಡು ತುಂಬಿಕೊಟ್ಟೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮಳೆಗಾಲದಲ್ಲಿ ಕೂತು ಮಾಡುವ ಕೆಲಸ ಏನಾದರೂ ಇದ್ದರೆ ತಿಳಿಸಿ.