ಕರೆಂಟ್ ಇದ್ದರೂ ನೆಟ್ ಹೋಗುತ್ತಿತ್ತು: ಸರಿಮಾಡಿಕೊಂಡ ಬಗೆ

ಮೂಡಿಗೆರೆ ಕಡೆ ಮಳೆ ಹಿಡಿದರೆ ಕರೆಂಟಿನ ಹಿಂದೆಯೇ ನೆಟ್ಟೂ ಹೋಗುತ್ತದೆ. ನಮ್ಮ ಮನೆಯಲ್ಲಿ ಕರೆಂಟ್ ಇದ್ದಾಗಲೂ ಹೋಗುತ್ತಿತ್ತು, ರೌಟರಿನಲ್ಲಿ ಎಲ್‌ಒಎಸ್ ಕೆಂಪು ದೀಪ ಮಿಣುಕುತ್ತಿತ್ತು. ಅಂದರೆ ಫೈಬರಿನಲ್ಲಿ ಬೆಳಕು ಸರಿಯಾಗಿ ಬರುತ್ತಿಲ್ಲ ಎಂದರ್ಥ. ಆಗ ದೊಡ್ಡ ಪ್ಲಾನ್ ಹಾಕಿಸಿದರೂ ದುಡ್ಡು ದಂಡ.

ಬ್ರೌಸರಿನಲ್ಲಿ ರೌಟರ್ ಪುಟ ತೆರೆದೆ (ವಿಳಾಸ ರೌಟರಿನ ತಳದ ಚೀಟಿಯಲ್ಲೇ ಇರುತ್ತದೆ). ಆರ್‌ಎಕ್ಸ್ ಪವರ್ (ಅಂದರೆ ಒಳಬರುವ ಬೆಳಕಿನ ಬಲ) −28 ಡಿಬಿಎಂ ಇತ್ತು, ಡಿಬಿಎಂ ಅದರ ಅಳತೆ. ಸಾಮಾನ್ಯವಾಗಿ −27ಕ್ಕಿಂತ ಕೆಳಗಿಳಿದರೆ ನೆಟ್ ಕೈಕೊಡುತ್ತದೆ. ಕೇಬಲ್ ಹಿಡಿದುಕೊಂಡೇ ಹೊರಗೆ ಹೋಗಿ ನೋಡಿದರೆ, ಕಿಟಕಿ ಮೂಲೆಯಲ್ಲಿ ಕ್ಲಿಪ್ ಹೊಡೆದು ಅದನ್ನು ಚೂಪಾಗಿ ಮಡಚಿದ್ದರು. ಒಳಗಿರುವುದು ಕೂದಲೆಳೆಯಂಥ ಗಾಜು, ಮಡಿಕೆ ಬಿದ್ದಲ್ಲಿ ಬೆಳಕು ಸೋರಿಹೋಗುತ್ತದೆ. ಲೈನಿನ ಹುಡುಗ ಬಂದು ಆ ತುಂಡು ಕತ್ತರಿಸಿ, ಸ್ಪ್ಲೈಸ್ ಮಾಡಿ (ಎಳೆಯ ತುದಿಗಳನ್ನು ಜೋಡಿಸಿ), ಅಗಲವಾಗಿ ಸುತ್ತಿ ಕಟ್ಟಿಕೊಟ್ಟ. ಈಗ −21.

ಅದೇ ಪುಟದಲ್ಲಿ ನೋಡಿದರೆ ಅಡ್ಮಿನ್ ಪಾಸ್‌ವರ್ಡ್ 'ಅಡ್ಮಿನ್' ಎಂದೇ ಇತ್ತು! ಇದು ನನಗೆ ನೆಟ್ ಹೋಗುವುದಕ್ಕಿಂತ ದೊಡ್ಡ ತೊಂದರೆ ಅನ್ನಿಸಿತು. ವೈಫೈಗೆ ಸೇರಿದ ಯಾರು ಬೇಕಾದರೂ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ ನಮ್ಮನ್ನು ನಕಲಿ ಪುಟಕ್ಕೆ ಕಳಿಸಬಹುದು. ಪಾಸ್‌ವರ್ಡ್ ಬದಲಿಸಿದೆ, ಗುಂಡಿ ಒತ್ತಿಯೋ ಪಿನ್ ಹಾಕಿಯೋ ವೈಫೈಗೆ ಸೇರಲು ಬಿಡುವ ಡಬ್ಲ್ಯುಪಿಎಸ್ ಆಫ್ ಮಾಡಿದೆ, ಬಂದುಹೋಗುವವರಿಗೆ ಗೆಸ್ಟ್ ವೈಫೈ ಬೇರೆ ಇಟ್ಟೆ. ಹೋಂಸ್ಟೇ ನಡೆಸುವವರಂತೂ ಇದನ್ನು ಇವತ್ತೇ ಮಾಡಿ.

ಹೊಸ ಕನೆಕ್ಷನ್ ತೆಗೆದುಕೊಳ್ಳುವವರು ಸ್ಪೀಡ್ ಕೇಳುವ ಮೊದಲು ಅಕ್ಕಪಕ್ಕದ ಮನೆಯವರನ್ನು ಕೇಳಿ: ಮರ ಬಿದ್ದು ಲೈನ್ ಹರಿದರೆ ಕಟ್ಟಲು ಯಾರು, ಎಷ್ಟು ಬೇಗ ಬರುತ್ತಾರೆ? ಹಾಗೆಯೇ, ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈ ನಂಬರನ್ನು ಮನೆಯ ಹಿರಿಯರ ಮೊಬೈಲಿನಲ್ಲೂ ಸೇವ್ ಮಾಡಿಕೊಡಿ.