ಪೊಲೀಸ್ ಠಾಣೆಗೂ ಮುಂಚೆ ತಟ್ಟಬೇಕಾದ ಬಾಗಿಲುಗಳು

ಎಂಟನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಆ ಹುಡುಗನ ಸಾಲು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಜೂನ್‌ನಲ್ಲಿ ಒಂದೆರಡು ಗೈರು. ಜುಲೈನಲ್ಲಿ ಸೋಮವಾರಗಳೆಲ್ಲ ಗೈರು. ಆಗಸ್ಟ್‌ನಲ್ಲಿ ವಾರಗಟ್ಟಲೆ ಪತ್ತೆಯಿಲ್ಲ. ನವೆಂಬರ್‌ನಲ್ಲಿ ಮೊಬೈಲ್ ಕಳವಿನ ವಿಷಯಕ್ಕೆ ಪೊಲೀಸರು ಅವನ ಮನೆಗೆ ಬಂದರು. ಅಷ್ಟು ದಿನ ಶಿಕ್ಷಕರಾದ ನಾವು ಮಾಡಿದ್ದೇನು? ಅವನನ್ನು ಬೈದೆವು. ಅವನ ತಾಯಿಯನ್ನು ಕರೆಸಿ ಮತ್ತೆ ಬೈದೆವು. ಅವನ ಎರಡೂ ಕಿವಿ ಸೋರುತ್ತಿದ್ದವು, ಪಾಠ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ ಅನ್ನುವುದು ಗೊತ್ತಾಗಿದ್ದು ಆಮೇಲೆ. ಅಷ್ಟರಲ್ಲಿ ನಾವೇ ಅವನಿಗೆ ‘ಮೊಂಡ’ ಅಂತ ಹೆಸರಿಟ್ಟಾಗಿತ್ತು.

ಜೂನ್‌ಗೂ ನವೆಂಬರ್‌ಗೂ ನಡುವೆ ಐದು ತಿಂಗಳಿದ್ದವು. ಆಗ ಏನು ಮಾಡಬಹುದಿತ್ತು ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮನೆಗೆ ಹೋಗಿ

ಹುಡುಗ ಕೆಡುತ್ತಿದ್ದಾನೆ ಅಂತ ಮೊದಲು ಹೇಳುವುದು ಹಾಜರಿ ಪುಸ್ತಕ. ಬರೀ ಗೈರನ್ನು ಎಣಿಸಬೇಡಿ, ಯಾವ ದಿನ ಬಂದಿಲ್ಲ ಅಂತ ನೋಡಿ. ಸಂತೆಯ ದಿನ ಮಾತ್ರ ಬರದಿದ್ದರೆ ಎಲ್ಲೋ ಕೆಲಸಕ್ಕೆ ಹೋಗುತ್ತಿರಬಹುದು. ಕಣ್ಣು ಕೆಂಪಗಿದ್ದು, ಕರ್ಚೀಫಿನಿಂದ ಪಂಕ್ಚರ್ ಸಲ್ಯೂಷನ್ (ನಶೆಗಾಗಿ ಮೂಸುವ ಅಂಟು) ವಾಸನೆ ಬಂದರೆ ಸುಮ್ನೆ ಬಿಡಬೇಡಿ. ಆದರೆ ಕ್ಲಾಸಿನಲ್ಲಿ ಎಲ್ಲರ ಮುಂದೆ ಜೇಬು ತಡಕಾಡಲೂಬೇಡಿ.

ಮನೆಗೆ ಹೋದಾಗ ದೂರು ಹೇಳಬೇಡಿ, ಕೇಳಿಸಿಕೊಳ್ಳಿ. ಆ ತಾಯಿ ನನಗೆ ಹೇಳಿದ್ದಿಷ್ಟು: “ಟೀಚರ್, ನಾನು ಬೆಳಿಗ್ಗೆ ಆರಕ್ಕೇ ಮನೆಗೆಲಸಕ್ಕೆ ಹೋಗ್ತೀನಿ. ಅವನು ಶಾಲೆಗೆ ಹೋದ್ನೋ ಇಲ್ವೋ ನನಗೆ ಹೇಗೆ ಗೊತ್ತಾಗಬೇಕು?” ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಈ ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯದು: ಡಾಕ್ಟರಿಗೆ ತೋರಿಸಿ

ಕಣ್ಣು, ಕಿವಿ, ಕಲಿಕೆಯ ತೊಂದರೆ. ಈ ಮೂರನ್ನು ನೋಡದೆ ಯಾವ ಮಗುವಿಗೂ ‘ಉಡಾಳ’ ಅಂತ ಹಣೆಪಟ್ಟಿ ಹಚ್ಚಬಾರದು. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಆರೋಗ್ಯ ತಂಡ ಬರುತ್ತದೆ, 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ತಂಡ ಬಂದ ದಿನ ಇಂಥ ಮಕ್ಕಳೇ ಗೈರಾಗಿರುತ್ತಾರೆ, ಅಲ್ವಾ? ಹಿಂದಿನ ದಿನವೇ ಮನೆಗೆ ಹೇಳಿ ಕಳಿಸಿ.

ವಿಪರೀತ ಸಿಟ್ಟು, ನಶೆ, ಮಂಕುತನ ಕಂಡರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಅಷ್ಟು ದೂರ ಹೋಗಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೂರನೆಯದು: ಟಿಸಿ ಕೊಟ್ಟು ಕಳಿಸಬೇಡಿ

ಇದನ್ನು ನನ್ನ ಜೊತೆಯ ಶಿಕ್ಷಕರಿಗೇ ಹೇಳುತ್ತಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಹದಿಮೂರರ ಹುಡುಗನನ್ನು ನಾಲ್ಕನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿದರೆ ಅವನು ಮಾರನೇ ದಿನ ಬರುವುದಿಲ್ಲ.

ನಾಲ್ಕನೆಯದು: 1098

ಜನ ಹೆಚ್ಚು ಹೆದರುವುದು ಇದಕ್ಕೇ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ತಪ್ಪು ನಡೆದ ಮೇಲೇ ಮಾಡಬೇಕು ಅಂತಿಲ್ಲ. ಮಗು ಕೆಲಸಕ್ಕೆ ಹೋಗುತ್ತಿದೆ, ನಶೆಗೆ ಬಿದ್ದಿದೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂದರೆ ಸಾಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನೇರವಾಗಿಯೂ ಹೋಗಬಹುದು.

ಅಗತ್ಯ ಬಿದ್ದರೆ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಸಮಿತಿ ಅದು. “ಮಗನನ್ನು ಕಿತ್ಕೊಂಡು ಬಾಲಮಂದಿರಕ್ಕೆ ಹಾಕ್ತಾರೆ” ಅಂತ ಆ ತಾಯಿ ಅತ್ತೇ ಬಿಟ್ಟಿದ್ದರು. ಆದರೆ 2015ರ ಬಾಲನ್ಯಾಯ ಕಾಯ್ದೆ ಹೇಳುವುದೇ ಬೇರೆ. ಮಗು ಮೊದಲು ಮನೆಯಲ್ಲಿರಬೇಕು, ಸಂಸ್ಥೆಗೆ ಕಳಿಸುವುದು ಕಟ್ಟಕಡೆಯ ದಾರಿ.

ಮನೆಯಲ್ಲೇ ಉಳಿಸಿಕೊಳ್ಳಲು ದುಡ್ಡಿನ ನೆರವೂ ಇದೆ. ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳು, ಅಜ್ಜಿ-ಮಾವನ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳು, ದೊಡ್ಡ ಕಾಯಿಲೆ ಇರುವವರ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಉಳಿದ ಕಡೆ 96,000 ರೂಪಾಯಿ ಮೀರಿರಬಾರದು. ಆಧಾರ್, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಪಾಸ್‌ಬುಕ್ ಹಿಡಿದುಕೊಂಡು ರಕ್ಷಣಾ ಘಟಕಕ್ಕೆ ಹೋಗಿ. ಅರ್ಜಿ ತುಂಬುವಾಗ ಶಾಲೆಯಿಂದ ಒಬ್ಬರು ಜೊತೆಗಿದ್ದರೆ ಎಷ್ಟೋ ಧೈರ್ಯ.

ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಏಳು ವರ್ಷದವರೆಗೆ ಜೈಲು ಹೇಳುತ್ತದೆ. ಅಂಗಡಿಯವನ ಮೇಲೆ ದೂರು ಕೊಡಿ.

ಆದರೂ ಪೊಲೀಸರು ಬಂದರೆ

ಪ್ರತಿ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಅವರನ್ನೇ ಕೇಳಿ. ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ. ಹಿಡಿದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಿ.

ಮಗುವಿನ ಹೆಸರು, ಫೋಟೊ, ಶಾಲೆಯ ಗುರುತು ಎಲ್ಲೂ ಹಾಕಬಾರದು ಅಂತ ಅದೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ನಮ್ಮ ಹುಡುಗನ ಫೋಟೊ ಒಂದೇ ಸಂಜೆಯಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅವನ ತಂಗಿ ನಮ್ಮಲ್ಲೇ ಆರನೇ ಕ್ಲಾಸಿನಲ್ಲಿದ್ದಳು. ಮಾರನೇ ದಿನದಿಂದ ಹಾಜರಿ ಪುಸ್ತಕದಲ್ಲಿ ಅವಳ ಸಾಲಿನಲ್ಲೂ ಗೈರು ಬೀಳತೊಡಗಿತು. ಮೂರನೇ ದಿನ ಸಂಜೆ ನಾನು ಅವರ ಮನೆಗೆ ಹೋದೆ.